ಮುರಿದ ಕಾಲಿಗೆ ಸಾಕ್ಷಿ ಯಾರು?

ಕರ್ತವ್ಯದ ಮೇಲಿದ್ದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರ ಕಾಲು ಮುರಿದರೆ ಎರಡು ಬಗೆಯಲ್ಲಿ ಎಫ್‌ಐಆರ್ ದಾಖಲಾಗಬಹುದು. ಕಾಗಿಣಾ ದಂಡೆಯಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆದಾಗ ಚಾಲಕ ಬೇಕೆಂದೇ ಮೈಮೇಲೆ ಹಾಯಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 121ನೇ ಕಲಂ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಗಾಯಪಡಿಸಿದ ಅಪರಾಧ. ಅದೇ ಕಾನ್‌ಸ್ಟೆಬಲ್ ರಾತ್ರಿ ಗಸ್ತಿನಲ್ಲಿ ವಾಡಿ–ಶಹಾಬಾದ್ ರಸ್ತೆಯ ಮೇಲೆ ಬೈಕಿನಲ್ಲಿ ಹೋಗುವಾಗ ಸಿಮೆಂಟ್ ಬಲ್ಕರ್ ಗುದ್ದಿದರೆ 281 ಮತ್ತು 125ನೇ ಕಲಂ. ನಿರ್ಲಕ್ಷ್ಯದ ಚಾಲನೆ, ಅದರಿಂದಾದ ಗಾಯ. ಮೊದಲ ಎಫ್‌ಐಆರ್‌ನಲ್ಲಿ ‘ಕರ್ತವ್ಯ’ ಎಂಬ ಮಾತು ಅಪರಾಧದ ವ್ಯಾಖ್ಯೆಯೊಳಗೇ ಇದೆ. ಎರಡನೆಯದರಲ್ಲಿ ಗಾಯಾಳು ಪೊಲೀಸರೂ ಆಗಬಹುದು, ಸಂತೆಗೆ ಹೊರಟ ರೈತನೂ ಆಗಬಹುದು. ಕಲಮಿಗೆ ಆ ವ್ಯತ್ಯಾಸ ಬೇಕಿಲ್ಲ. ಮೂಳೆ ಮುರಿದದ್ದು ಒಂದೇ ಜಾಗದಲ್ಲಿ, ಒಳಗೆ ಕೂರಿಸಿದ ರಾಡಿನ ಅಳತೆಯೂ ಒಂದೇ. ಆದರೆ ಎರಡು ವರ್ಷದ ಮೇಲೆ ‘ಇನ್ನು ನೌಕರಿ ಮಾಡಲಾಗದು’ ಎಂಬ ಮಾತು ಬಂದಾಗ ಮೊದಲನೆಯವರ ಕಡತ ತಾನೇ ನಡೆಯುತ್ತದೆ. ಎರಡನೆಯವರ ಕಡತವನ್ನು ಊರುಗೋಲು ಹಿಡಿದವರೇ ಮೇಜಿನಿಂದ ಮೇಜಿಗೆ ತಳ್ಳಬೇಕಾಗುತ್ತದೆ.

ಕರ್ತವ್ಯದಲ್ಲಿ ಗಾಯಗೊಂಡು ನಿವೃತ್ತಿ ಕೇಳುವ, ಅಥವಾ ನಿವೃತ್ತಿ ಬೇಡವೆಂದು ಹೋರಾಡುವ ಪೊಲೀಸರ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಪರಿಹಾರದ ಮೊತ್ತದ ಪ್ರಶ್ನೆಯಾಗಿ ನೋಡುತ್ತೇವೆ. ಎಷ್ಟು ಲಕ್ಷ, ಯಾವ ವಿಮೆ, ಯಾವ ಪಿಂಚಣಿ ಎಂದು ಮಾತಾಡುತ್ತೇವೆ. ಮೊತ್ತಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಸಂಗತಿ ಬೇರೆಯಿದೆ: ಗಾಯ ಕರ್ತವ್ಯದ್ದು ಎಂದು ರುಜುವಾತು ಮಾಡುವ ಹೊಣೆ ಯಾರದು? ಇವತ್ತು ಆ ಹೊಣೆ ವಾಸ್ತವದಲ್ಲಿ ಗಾಯಾಳುವಿನ ಹೆಗಲ ಮೇಲಿದೆ. ಅದು ಇಲಾಖೆಯ ಹೆಗಲಿಗೆ ಹೋಗಬೇಕು. ಡ್ಯೂಟಿ ಹಂಚಿದವರು ಅವರು, ದಿನಚರಿ ಬರೆದವರು ಅವರು, ವಾಹನ ಕೊಟ್ಟವರು ಅಥವಾ ಕೊಡದೆ ಸ್ವಂತ ಬೈಕಿನಲ್ಲಿ ಹೋಗಲು ಬಿಟ್ಟವರು ಅವರು. ದಾಖಲೆಗಳೆಲ್ಲ ಇಲಾಖೆಯ ಬೀರುವಿನಲ್ಲಿದ್ದು, ಸಾಕ್ಷಿ ತರಬೇಕಾದವರು ಆಸ್ಪತ್ರೆಯ ಮಂಚದ ಮೇಲೆ ಇರುವುದು ನ್ಯಾಯದ ಯಾವ ತಕ್ಕಡಿಯಲ್ಲೂ ತೂಗುವುದಿಲ್ಲ.

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣದ ಈ ಪಟ್ಟಿಯನ್ನೇ ನೋಡಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಸುಣ್ಣದ ಕಲ್ಲಿನ ನೆಲ. ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ್ ಸುತ್ತ ನೆಲಹಾಸಿನ ಕಲ್ಲಿನ ಗಣಿಗಳು. ಹಗಲೂ ರಾತ್ರಿ ಬಲ್ಕರ್, ಟಿಪ್ಪರ್, ಕಲ್ಲು ಹೊತ್ತ ಲಾರಿ. ವಾಡಿ ದೊಡ್ಡ ರೈಲ್ವೆ ಜಂಕ್ಷನ್. ಅಲ್ಲಿನ ರೈಲ್ವೆ ಪೊಲೀಸರು ಹಳಿಗಳ ಮೇಲೆಯೇ ಅರ್ಧ ನೌಕರಿ ಮಾಡುತ್ತಾರೆ. ಸೇಡಂ ಮತ್ತು ಚಿಂಚೋಳಿಗೆ ತೆಲಂಗಾಣದ ಗಡಿ. ಚೆಕ್‌ಪೋಸ್ಟ್, ವಾರಂಟ್ ಹಿಡಿದು ತಾಂಡೂರು, ಜಹೀರಾಬಾದ್ ಕಡೆ ಓಡಾಟ. ಮಳೆ ಜೋರಾದರೆ ಮಳಖೇಡದ ಬಳಿ ಕಾಗಿಣಾ ಸೇತುವೆ ಮುಳುಗಿ ಕಲಬುರಗಿ–ಸೇಡಂ ರಸ್ತೆ ಬಂದ್ ಆಗುತ್ತದೆ. ಬ್ಯಾರಿಕೇಡ್ ಹಿಡಿದು ನೀರಿನಂಚಿಗೆ ನಿಲ್ಲುವವರು ಠಾಣೆಯ ಸಿಬ್ಬಂದಿ. ಯಾನಾಗುಂದಿಯ ಶಿವರಾತ್ರಿ, ನಾಲವಾರದ ಜಾತ್ರೆ, ಸನ್ನತಿಗೆ ಬರುವ ಭಕ್ತರು, ಚುನಾವಣೆ, ಮೆರವಣಿಗೆ ಎಂದು ಬಂದೋಬಸ್ತ್ ಇಲ್ಲದ ತಿಂಗಳಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುವುದು ಹೊಸತಲ್ಲ. ಇಂಥ ನೆಲದಲ್ಲಿ ಪೊಲೀಸರಿಗೆ ಆಗುವ ಗಾಯ ಗುಂಡಿನೇಟಿನದಾಗಿರುವುದು ಅಪರೂಪ. ಅದು ಜಾರಿ ಬಿದ್ದ ಬೈಕಿನದು, ಹಿಂದಿನಿಂದ ಗುದ್ದಿದ ಲಾರಿಯದು, ಗುಂಪಿನ ಕಲ್ಲಿನದು, ಬಿಸಿಲಲ್ಲಿ ಕುಸಿದ ಹೃದಯದ್ದು. ನೋಡಲು ಎಲ್ಲರಿಗೂ ಆಗುವ ಅಪಘಾತದಂತೆಯೇ ಇರುತ್ತದೆ. ಅದಕ್ಕೇ ಅನುಮಾನವೂ ಬೇಗ ಹುಟ್ಟುತ್ತದೆ: ಡ್ಯೂಟಿಯಲ್ಲಿದ್ದರೋ, ಮನೆಗೆ ಹೊರಟಿದ್ದರೋ?

ಎದ್ದು ಕಾಣುವ ಪ್ರಕರಣಗಳಲ್ಲಿ ಈ ಅನುಮಾನ ಬರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಗಾಂಜಾ ಜಾಲದ ಬೆನ್ನು ಹತ್ತಿ ಮಹಾರಾಷ್ಟ್ರದ ಗಡಿಯೊಳಗೆ ಹೋದ ಕಲಬುರಗಿ ಗ್ರಾಮೀಣ ವೃತ್ತದ ಇನ್‌ಸ್ಪೆಕ್ಟರ್ ಮೇಲೆ ಗುಂಪು ದಾಳಿ ನಡೆಯಿತು. ತೀವ್ರವಾಗಿ ಗಾಯಗೊಂಡ ಅವರನ್ನು ಏರ್ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಸಾಗಿಸಬೇಕಾಯಿತು. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಮೇಲೆ ಟ್ರ್ಯಾಕ್ಟರ್ ಹಾಯ್ದು ಅವರು ಪ್ರಾಣ ಬಿಟ್ಟರು. ಇಡೀ ರಾಜ್ಯ ಓದಿದ ಸುದ್ದಿಗಳು ಇವು. ಸುದ್ದಿಯಾದ ಗಾಯಕ್ಕೆ ಸಾಕ್ಷಿ ಹುಡುಕಬೇಕಿಲ್ಲ. ನನ್ನ ಮಾತು ಸುದ್ದಿಯಾಗದ ಗಾಯಗಳ ಬಗ್ಗೆ.

ಪ್ರತಿ ವರ್ಷ ಅಕ್ಟೋಬರ್ 21ರಂದು, 1959ರಲ್ಲಿ ಲಡಾಖಿನ ಹಾಟ್‌ಸ್ಪ್ರಿಂಗ್ಸ್‌ನಲ್ಲಿ ಮಡಿದವರ ನೆನಪಿಗೆ, ದೇಶದ ಎಲ್ಲ ಜಿಲ್ಲಾ ಕೇಂದ್ರಗಳಲ್ಲಿ ಪೊಲೀಸ್ ಹುತಾತ್ಮರ ದಿನ ನಡೆಯುತ್ತದೆ. ಆ ವರ್ಷ ಕರ್ತವ್ಯದಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಅದು ಆಗಲೇಬೇಕಾದ ಗೌರವ. ಬದುಕಿ ಉಳಿದು, ಕೈಯನ್ನೋ ಕಾಲನ್ನೋ ಕಣ್ಣನ್ನೋ ಕಳೆದುಕೊಂಡವರ ಹೆಸರು ಓದುವ ದಿನ ಮಾತ್ರ ಪಂಚಾಂಗದಲ್ಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ತನ್ನ ವಾರ್ಷಿಕ ವರದಿಯಲ್ಲಿ ಕರ್ತವ್ಯದಲ್ಲಿ ಮೃತರಾದ ಮತ್ತು ಗಾಯಗೊಂಡ ಪೊಲೀಸರನ್ನು ಕಾರಣವಾರು ಎಣಿಸುತ್ತದೆ. ವಾರದಲ್ಲಿ ವಾಸಿಯಾಗುವ ತರಚು ಗಾಯವೂ ಜನ್ಮವಿಡೀ ಹೊರಬೇಕಾದ ಊನವೂ ‘ಗಾಯಗೊಂಡವರು’ ಎಂಬ ಮಾತಿನೊಳಗೆ ಬೆರೆತುಹೋಗುತ್ತವೆ. ಲೆಕ್ಕದಲ್ಲಿ ಬೇರೆಯಾಗಿ ಕಾಣದವರು ಬಜೆಟ್ಟಿನಲ್ಲೂ ಕಾಣುವುದಿಲ್ಲ.

ಕಾನೂನು ಅವರನ್ನು ಮರೆತಿಲ್ಲ ಎಂಬುದು ಸಮಾಧಾನದ ಸಂಗತಿ. 1995ರ ಅಂಗವಿಕಲರ ಕಾಯ್ದೆಯ 47ನೇ ಕಲಂ, ಅದರ ಜಾಗಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ಎರಡೂ ಒಂದೇ ಮಾತು ಹೇಳುತ್ತವೆ: ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಹುದ್ದೆಗೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಸಂಖ್ಯಾಧಿಕ ಹುದ್ದೆಯಲ್ಲಿ ಇಟ್ಟುಕೊಳ್ಳಬಹುದು. ಈ ರಕ್ಷಣೆಗೆ ಪ್ರಾಣ ತುಂಬಿದ ತೀರ್ಪು 2003ರ ಫೆಬ್ರುವರಿಯ ಕುನಾಲ್ ಸಿಂಗ್ ಪ್ರಕರಣ. ಆತ ಗಡಿ ಕಾಯುವ ಪಡೆಯೊಂದರ ಕಾನ್‌ಸ್ಟೆಬಲ್. ಕರ್ತವ್ಯದಲ್ಲಿ ಎಡಗಾಲಿಗೆ ಗಾಯವಾಗಿ, ಕೊಳೆತು, ಕಾಲನ್ನೇ ಕತ್ತರಿಸಬೇಕಾಯಿತು. ವೈದ್ಯಕೀಯ ಮಂಡಳಿಯ ವರದಿ ಆಧರಿಸಿ 1998ರ ನವೆಂಬರ್‌ನಲ್ಲಿ ಸೇವೆಯಿಂದ ಕಳಿಸಿಬಿಟ್ಟರು. ಹಿಮಾಚಲ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದಾಗ ಸರ್ಕಾರದ ಒಂದು ವಾದ ಹೀಗಿತ್ತು: ಅಶಕ್ತತಾ ಪಿಂಚಣಿ ಕೊಟ್ಟಿದ್ದೇವಲ್ಲ, ಇನ್ನೇನು? ಪಿಂಚಣಿ ಕೊಟ್ಟ ಮಾತ್ರಕ್ಕೆ ಸೇವೆಯಲ್ಲಿ ಉಳಿಯುವ ಹಕ್ಕು ಹೋಗದು ಎಂದು ಕೋರ್ಟು ಹೇಳಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ; ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ ಹುಟ್ಟಿ, ಕಲಬುರಗಿಯಲ್ಲಿ ವರ್ಷಗಟ್ಟಲೆ ವಕೀಲಿಕೆ ಮಾಡಿದವರು. ನಮ್ಮ ಭಾಗದವರೊಬ್ಬರ ಲೇಖನಿಯಿಂದ ದೇಶದ ಎಲ್ಲ ಗಾಯಾಳು ನೌಕರರಿಗೂ ಸಿಕ್ಕ ಈ ಆಸರೆ, ಸೇಡಂ ಅಥವಾ ಚಿಂಚೋಳಿ ಠಾಣೆಯ ಸಿಬ್ಬಂದಿಗೆ ತಿಳಿಯದೆ ಹೋಗಬಾರದು.

ತಿಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2008ರ ಭಗವಾನ್ ದಾಸ್ ಪ್ರಕರಣ ಕನ್ನಡಿ. ಪಂಜಾಬ್ ವಿದ್ಯುತ್ ಮಂಡಳಿಯ ಸಹಾಯಕ ಲೈನ್‌ಮನ್ ಆಗಿದ್ದ ಆತ 1994ರಲ್ಲಿ ಕಣ್ಣು ಕಳೆದುಕೊಂಡ. ಹಕ್ಕಿನ ಅರಿವಿಲ್ಲದೆ ತಾನೇ ನಿವೃತ್ತಿ ಕೋರಿ ಅರ್ಜಿ ಬರೆದುಕೊಟ್ಟ, ಮಂಡಳಿ ಒಪ್ಪಿಕೊಂಡಿತು. ಕಾನೂನು ನಿನ್ನ ಪರವಾಗಿದೆ ಎಂದು ತಿಳಿಸಬೇಕಾದ ಅಧಿಕಾರಿಗಳು ಅವನನ್ನು ಹೊರದಬ್ಬಲು ನೋಡಿದ್ದನ್ನು ಸುಪ್ರೀಂ ಕೋರ್ಟು ಕಟುವಾಗಿ ಟೀಕಿಸಿ, ಸೇವೆಯಲ್ಲಿ ಮುಂದುವರಿದಂತೆಯೇ ಪರಿಗಣಿಸಲು ಹೇಳಿತು. ‘ಸ್ವಇಚ್ಛೆ’ ಎಂದು ಬರೆದ ಅರ್ಜಿಯೆಲ್ಲ ನಿಜಕ್ಕೂ ಸ್ವಇಚ್ಛೆಯದಲ್ಲ. ಆರು ತಿಂಗಳು ಹಾಸಿಗೆ ಹಿಡಿದು, ರಜೆ ಮುಗಿದು, ಸಂಬಳ ನಿಂತು, ಸೆಂಟ್ರಿ ಡ್ಯೂಟಿಗೂ ಆಗುವುದಿಲ್ಲವೆಂದು ನಾಲ್ಕು ಮಂದಿಯ ಮುಂದೆ ಹೇಳಿಸಿಕೊಂಡವರ ಕೈಯಲ್ಲಿ ಬರೆಸಿದ ಅರ್ಜಿಯನ್ನು ಇಚ್ಛೆ ಎನ್ನಲಾಗದು.

ಹಾಗೆಂದು ನಿವೃತ್ತಿ ಕೇಳುವುದು ತಪ್ಪಲ್ಲ. ಕೆಲವರ ಗಾಯ ಬೆನ್ನುಹುರಿಯದಾಗಿರುತ್ತದೆ, ತಲೆಯದಾಗಿರುತ್ತದೆ. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸವೂ ಹಿಂಸೆ. ಅಂಥವರಿಗೆ ಗೌರವದ ದಾರಿ ಅಶಕ್ತತಾ ಪಿಂಚಣಿ, ಗಾಯ ಕರ್ತವ್ಯದ್ದೆಂದು ಸ್ಥಿರಪಟ್ಟರೆ ಅದಕ್ಕಿಂತ ಹೆಚ್ಚಿನ ಅಸಾಧಾರಣ ಪಿಂಚಣಿ. ಉಳಿಯುವ ಬಾಗಿಲು, ಹೊರಡುವ ಬಾಗಿಲು ಎರಡೂ ತೆರೆದಿರಬೇಕು, ಯಾವುದನ್ನು ದಾಟಬೇಕೆಂದು ಗಾಯಾಳುವೇ ನಿರ್ಧರಿಸಬೇಕು. ಎರಡರ ಬೀಗದ ಕೈಯೂ ಗಾಯದ ಮೊದಲ ದಾಖಲೆ ಎಂಬ ಒಂದೇ ಕಾಗದದಲ್ಲಿದೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ಸಿಬ್ಬಂದಿ ‘ಸ್ಪೆಷಲ್ ಡಿಸೆಬಿಲಿಟಿ ಲೀವ್’ ಎಂದೇ ಕರೆಯುವ ರಜೆಯಿದೆ. 24 ತಿಂಗಳವರೆಗೆ ಸಿಗಬಹುದು. ಆದರೆ ಅದಕ್ಕೆ ಷರತ್ತು: ಅಸಾಮರ್ಥ್ಯ ಘಟನೆಯಾದ ಮೂರು ತಿಂಗಳೊಳಗೆ ಕಾಣಿಸಿಕೊಂಡಿರಬೇಕು, ಗಾಯಾಳು ಅದನ್ನು ತಡಮಾಡದೆ ಮೇಲಿನವರ ಗಮನಕ್ಕೆ ತಂದಿರಬೇಕು. ಈ ಷರತ್ತನ್ನು ಗಾಯವಾದ ಆರನೇ ತಿಂಗಳಿಗೆ ಓದಿ ತಿಳಿದವರಿಗೆ ಅದರಿಂದ ಉಪಯೋಗವಿಲ್ಲ. ಮೊದಲ ವಾರದಲ್ಲಿ ಗಳಿಕೆ ರಜೆ ಹಾಕಿಸಿ, ಅದು ಮುಗಿದ ಮೇಲೆ ಅರ್ಧವೇತನ ರಜೆ ಹಾಕಿಸಿದರೆ, ಸರ್ವಿಸ್ ರಿಜಿಸ್ಟರ್ ನೋಡಿದವರಿಗೆ ಅದು ಸಾಮಾನ್ಯ ಕಾಯಿಲೆಯ ರಜೆಯಂತೆಯೇ ಕಾಣುತ್ತದೆ. ಮಹಾಲೇಖಪಾಲರ ಕಚೇರಿಗೆ ಪಿಂಚಣಿ ಕಾಗದ ಹೋಗುವ ಹೊತ್ತಿಗೆ ಕರ್ತವ್ಯದ ಗುರುತೇ ಅಳಿಸಿರುತ್ತದೆ.

ಹಾಗಾಗಿ ಈ ಪ್ರಕರಣಗಳು ಬೆಂಗಳೂರಿನಲ್ಲಿ ಸೋಲುವುದಿಲ್ಲ, ಮೊದಲ ರಾತ್ರಿ ಠಾಣೆಯಲ್ಲೇ ಸೋಲುತ್ತವೆ. ಠಾಣಾ ದಿನಚರಿಯಲ್ಲಿ ‘ರಾತ್ರಿ 11-30, ಪಿ.ಸಿ. ಇಂಥವರು ಇಂಥ ಬೀಟಿಗೆ ಸ್ವಂತ ದ್ವಿಚಕ್ರ ವಾಹನದಲ್ಲಿ ರವಾನೆ’ ಎಂಬ ಒಂದು ಸಾಲು ಇದ್ದರೆ ಗಾಯಕ್ಕೆ ಬೇರು ಸಿಕ್ಕಂತೆ. ಆ ಸಾಲು ಇಲ್ಲದೆ ಬರಿದೇ ‘ಸಿಬ್ಬಂದಿ ಗಸ್ತಿಗೆ ರವಾನೆ’ ಎಂದಿದ್ದರೆ ಯಾರು, ಎಲ್ಲಿಗೆ, ಯಾವುದರ ಮೇಲೆ ಎಂಬ ಮೂರೂ ಪ್ರಶ್ನೆ ತೆರೆದೇ ಉಳಿಯುತ್ತವೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಬರೆಯುವಾಗ ‘ರಸ್ತೆ ಅಪಘಾತ’ ಎಂದು ಬರೆಯುತ್ತಾರೆ. ‘ಕರ್ತವ್ಯದಲ್ಲಿದ್ದಾಗ’ ಎಂದು ಅವರಿಗೆ ಹೇಳಬೇಕಾದವರು ಜೊತೆಗೆ ಬಂದ ಸಿಬ್ಬಂದಿ. ಜೊತೆಗೆ ಬಂದವರಿಗೆ ಆ ಗಳಿಗೆಯಲ್ಲಿ ಕಾಣುವುದು ರಕ್ತ, ಹುಡುಕುವುದು ಕಲಬುರಗಿಗೆ ಹೋಗುವ ಆಂಬುಲೆನ್ಸ್. ಚಿಂಚೋಳಿಯಿಂದ ಕಲಬುರಗಿಗೆ ಎಂಬತ್ತು ಕಿಲೋಮೀಟರ್ ಮೇಲೆ. ಆ ದಾರಿಯಲ್ಲಿ ಶಬ್ದಗಳ ಬಗ್ಗೆ ಯೋಚಿಸುವವರು ಯಾರು? ಅವರಿಂದ ಅದನ್ನು ನಿರೀಕ್ಷಿಸುವುದೇ ತಪ್ಪು. ನಿಯಮವೇ ಅವರ ಪರವಾಗಿ ಯೋಚಿಸಿರಬೇಕಿತ್ತು.

ಬೇರೆ ದುಡಿಮೆಗಾರರ ಪರವಾಗಿ ನಿಯಮ ಹಾಗೆ ಯೋಚಿಸಿದೆ, ಅದೂ ಇದೇ ಊರುಗಳಲ್ಲಿ. ವಾಡಿಯ ಕಾರ್ಖಾನೆಯೊಳಗೆ ಕಾರ್ಮಿಕರೊಬ್ಬರಿಗೆ ಗಂಭೀರ ಗಾಯವಾದರೆ ಮಾಲೀಕರೇ ವರದಿ ಕಳಿಸಬೇಕೆಂಬ ಹೊಣೆಯನ್ನು ಕಾರ್ಮಿಕರ ಪರಿಹಾರ ಕಾಯ್ದೆ ಹೊರಿಸಿತ್ತು; ಏಳು ದಿನದ ಗಡುವೂ ಇತ್ತು. 1923ರ ಆ ಕಾಯ್ದೆಯನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿದೆ. ಇಎಸ್‌ಐ ಕಾಯ್ದೆಗೆ 2010ರಲ್ಲಿ ಸೇರಿದ ತಿದ್ದುಪಡಿಯಂತೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ನಂಟಿದ್ದರೆ, ಕೆಲಸದ ಗಾಯವೇ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇದೇ ತತ್ವವನ್ನು 1923ರ ಕಾಯ್ದೆಗೂ ವಿಸ್ತರಿಸಿತು. ಆ ಪ್ರಕರಣ ನಮ್ಮ ಪಕ್ಕದ ಉಸ್ಮಾನಾಬಾದ್ ಸೀಮೆಯದು: ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು 2003ರಲ್ಲಿ ನಸುಕಿನ ಪಾಳಿಗೆ ಬೈಕಿನಲ್ಲಿ ಹೋಗುವಾಗ ಕಾರ್ಖಾನೆಗೆ ಐದು ಕಿಲೋಮೀಟರ್ ಮೊದಲೇ ಅಪಘಾತಕ್ಕೆ ಬಲಿಯಾಗಿದ್ದರು. ಅವರ ಕುಟುಂಬಕ್ಕೆ ನ್ಯಾಯ ಸಿಗಲು 22 ವರ್ಷ ಹಿಡಿಯಿತು, ಆದರೂ ಸಿಕ್ಕಿತು. ಈಗ ಯೋಚಿಸಿ: ಸಿಮೆಂಟ್ ಕಾರ್ಖಾನೆಯ ಗೇಟಿನ ಕಾವಲುಗಾರ ರಾತ್ರಿ ಪಾಳಿಗೆ ಹೊರಟು ಲಾರಿಗೆ ಸಿಕ್ಕರೆ ಅದು ಕೆಲಸದ ಗಾಯ. ಅದೇ ರಸ್ತೆಯಲ್ಲಿ ರಾತ್ರಿ ಗಸ್ತಿಗೆ ಠಾಣೆ ಕಡೆ ಹೊರಟ ಕಾನ್‌ಸ್ಟೆಬಲ್ ಸಿಕ್ಕರೆ ಅದು ಚರ್ಚೆಯ ವಿಷಯ. ಪೊಲೀಸರಿಗೆ ಕಾರ್ಮಿಕ ಕಾನೂನಿಲ್ಲ, ಸಂಘ ಕಟ್ಟುವ ಸ್ವಾತಂತ್ರ್ಯಕ್ಕೂ ಕಾನೂನಿನ ಮಿತಿ. ಸೇವಾ ನಿಯಮವೇ ಗತಿ. ಯೂನಿಯನ್ ಇಲ್ಲದವರ ಪರವಾಗಿ ನಿಯಮ ಇನ್ನೂ ಉದಾರವಾಗಿರಬೇಕಿತ್ತಲ್ಲವೇ?

ಹೊಣೆಯನ್ನು ತಿರುಗಿಸಿ ಹೊರಿಸುವುದು ಹೊಸ ಕಲ್ಪನೆಯಲ್ಲ. ಭಾರತದ ಸೇನೆಗೆ 1982ರ ಅರ್ಹತಾ ನಿಯಮಗಳಲ್ಲಿ ಅದು ಸ್ಪಷ್ಟವಾಗಿತ್ತು: ಅರ್ಹತೆಯ ಷರತ್ತುಗಳನ್ನು ರುಜುವಾತು ಮಾಡಿ ಎಂದು ಹಕ್ಕುದಾರನನ್ನು ಕೇಳಕೂಡದು, ಸಮಂಜಸವಾದ ಸಂಶಯದ ಲಾಭ ಅವನಿಗೇ ಸಿಗಬೇಕು. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಗಟ್ಟಿ ಮಾಡಿತು: ಸೇರುವಾಗ ವೈದ್ಯರು ಯಾವ ಕಾಯಿಲೆಯನ್ನೂ ದಾಖಲಿಸದಿದ್ದರೆ, ನಂತರ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವವರು ಕಾರಣ ಕೊಡಬೇಕು. 2023ರಲ್ಲಿ ಸೇನೆಯ ನಿಯಮಗಳು ಬದಲಾಗಿವೆ, ಆ ಬದಲಾವಣೆಯ ಬಗ್ಗೆ ಮಾಜಿ ಸೈನಿಕರಲ್ಲಿ ಅಸಮಾಧಾನವೂ ಇದೆ. ಆದರೂ ನಾಲ್ಕು ದಶಕ ಈ ತತ್ವದ ಮೇಲೆ ಕೆಲಸ ನಡೆದದ್ದು ಸುಳ್ಳಲ್ಲ. ಬ್ರಿಟನ್ನಿನಲ್ಲಿ 2006ರ ಪೊಲೀಸ್ ಗಾಯ ಪರಿಹಾರ ನಿಯಮಗಳಿವೆ. ಅಲ್ಲಿ ಅನಾರೋಗ್ಯದ ಪಿಂಚಣಿ ಬೇರೆ, ಕರ್ತವ್ಯದ ಗಾಯದ ಪರಿಹಾರ ಬೇರೆ. ನೇಮಿತ ವೈದ್ಯರೊಬ್ಬರು ಅಧಿಕಾರಿಯ ಅಸಾಮರ್ಥ್ಯ ಶಾಶ್ವತವೇ, ಅದು ಕರ್ತವ್ಯದ ಗಾಯದಿಂದ ಬಂದದ್ದೇ, ದುಡಿಮೆಯ ಶಕ್ತಿ ಎಷ್ಟು ಕುಗ್ಗಿದೆ ಎಂದು ಲಿಖಿತವಾಗಿ ಉತ್ತರಿಸುತ್ತಾರೆ; ಕುಗ್ಗಿದ ಪ್ರಮಾಣವನ್ನು ನಾಲ್ಕು ಹಂತದಲ್ಲಿ ಅಳೆಯುತ್ತಾರೆ; ಒಪ್ಪದವರಿಗೆ ಮೇಲ್ಮನವಿ ಮಂಡಳಿಯಿದೆ. ನ್ಯೂಯಾರ್ಕಿನಲ್ಲಿ ಪೊಲೀಸರ ಹೃದ್ರೋಗವನ್ನು ಕರ್ತವ್ಯದಿಂದ ಬಂದದ್ದೆಂದೇ ಭಾವಿಸುವ ಕಾನೂನಿದೆ. 42 ಡಿಗ್ರಿಯಲ್ಲಿ ಹನ್ನೆರಡು ತಾಸು ಬಂದೋಬಸ್ತ್ ನಿಂತು ಕುಸಿದ ಐವತ್ತರ ಎಎಸ್‌ಐ ಬಗ್ಗೆ ಅಂಥದೊಂದು ಮಾತು ನಮ್ಮ ನಿಯಮದಲ್ಲೂ ಬೇಕು.

ಶೇಕಡಾವಾರಿನ ಗೊಂದಲವನ್ನೂ ಇಲ್ಲೇ ಹೇಳಬೇಕು. ಮೀಸಲಾತಿಗೆ ಶೇ 40ರ ಅಂಗವೈಕಲ್ಯ ಬೇಕು ಎಂಬುದು ಎಲ್ಲರಿಗೂ ಗೊತ್ತು. ಅದನ್ನೇ ಹಿಡಿದು, ‘ನಿಮ್ಮದು ಶೇ 30 ಮಾತ್ರ, ಹಕ್ಕಿಲ್ಲ’ ಎನ್ನುವುದು ಸರಿಯಲ್ಲ. 20(4)ನೇ ಕಲಮಿನ ಮಾತಿನಲ್ಲಿ ಆ ಮಿತಿಯಿಲ್ಲ. ಅಂಗದ ನಷ್ಟವೂ ದುಡಿಮೆಯ ನಷ್ಟವೂ ಒಂದೇ ಅಲ್ಲ ಎಂದು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟು ಸೇರಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಬಿಡಿಸಿ ಹೇಳಿದ್ದಾರೆ. ಎಡಗೈ ಹೋದ ಚಾಲಕ ಅಥವಾ ಬಡಗಿಯ ದುಡಿಮೆ ಪೂರಾ ನಿಂತೇ ಹೋಗಬಹುದು. ಅದೇ ಕೈ ಹೋದ ಗುಮಾಸ್ತ ಕೆಲಸದಲ್ಲಿ ಉಳಿಯಬಹುದು. ಪೊಲೀಸರ ವಿಷಯದಲ್ಲಿ ಈ ತರ್ಕ ಎರಡೂ ಕಡೆ ಅವರನ್ನು ಕಡಿಯುತ್ತದೆ. ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ‘ನೌಕರಿ ಇದೆಯಲ್ಲ, ನಷ್ಟವೇನು’ ಎಂದು ವಾದಿಸಬಹುದು. ಇಲಾಖೆಯಲ್ಲಿ ‘ನಿಮ್ಮಿಂದ ಕೆಲಸವಾಗದು’ ಎನ್ನಬಹುದು. ಓಡಲಾರದ ಕಾನ್‌ಸ್ಟೆಬಲ್ ಚಾಲಕನೋ ಗುಮಾಸ್ತನೋ ಎಂಬುದನ್ನು ನಿರ್ಧರಿಸುವುದು ಇಲಾಖೆ ಅವರಿಗೆ ಯಾವ ಕೆಲಸ ಕೊಟ್ಟಿದೆ ಎಂಬುದು. ಅದಕ್ಕೇ ವೈದ್ಯಕೀಯ ಮಂಡಳಿಯನ್ನು ‘ಎಷ್ಟು ಪರ್ಸೆಂಟ್’ ಎಂದಷ್ಟೇ ಕೇಳಿದರೆ ಸಾಲದು. ‘ಏನೇನು ಮಾಡಬಲ್ಲರು’ ಎಂದೂ ಕೇಳಬೇಕು.

ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಹೀಗೆ ಬಾಗಿಲು ತೆರೆದರೆ ಸುಳ್ಳು ಹಕ್ಕುದಾರರು ನುಗ್ಗುತ್ತಾರೆ ಎಂಬುದು. ಇದು ಕಲ್ಪನೆಯ ಭಯವಲ್ಲ. 2014ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಪ್ರಾಸಿಕ್ಯೂಟರ್ 106 ಮಂದಿಯ ಮೇಲೆ ಸುಳ್ಳು ಅಂಗವೈಕಲ್ಯದ ಆರೋಪ ಹೊರಿಸಿದರು. ಅವರಲ್ಲಿ ಹೆಚ್ಚಿನವರು ಮಾಜಿ ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿ. ಇಂಥದೇ ಇನ್ನೊಂದು ಮೋಸವಾದ ಲಾಂಗ್ ಐಲೆಂಡ್ ರೈಲ್ವೆಯ ನಿವೃತ್ತರ ಹಗರಣದಲ್ಲಿ ವೈದ್ಯರೇ ಸಿಕ್ಕಿಬಿದ್ದರು. ಆದರೆ ಆ ಮೋಸಗಳು ಹೇಗೆ ನಡೆದವು ನೋಡಿ: ಕಣ್ಣಿಗೆ ಕಾಣದ ನೋವು, ಖಾಸಗಿ ವೈದ್ಯರ ಸಿದ್ಧ ಷರಾ, ನಡುವೆ ದಲ್ಲಾಳಿಗಳು, ಕೆಲಸ ಬಿಟ್ಟ ಮೇಲೆ ಬರುವ ಹಣ. ನಾನು ಕೇಳುತ್ತಿರುವುದು ಮೊದಲ ದಿನದ ದಾಖಲೆಯನ್ನು, ಠಾಣೆಯೇ ಬರೆಯುವ ವರದಿಯನ್ನು. ಅದು ಸುಳ್ಳಿಗೆ ಅಡ್ಡಗೋಡೆ. ವರ್ಷದ ಮೇಲೆ ಹುಟ್ಟುವ ಕಥೆಗಳಿಗೆ ಜಾಗವಿರುವುದು ಮೊದಲ ದಿನದ ದಾಖಲೆ ಇಲ್ಲದಿದ್ದಾಗ. ಕರ್ತವ್ಯದ ಗಾಯವೆಂದು ಮೊದಲಿಗೆ ಭಾವಿಸಿದರೂ ಅಲ್ಲವೆಂದು ತೋರಿಸುವ ಅವಕಾಶ ಇಲಾಖೆಗೆ ಇದ್ದೇ ಇರುತ್ತದೆ. ಕುಡಿದು ಬಿದ್ದಿದ್ದರೆ ರಕ್ತ ಪರೀಕ್ಷೆ ಹೇಳುತ್ತದೆ. ಡ್ಯೂಟಿ ಬಿಟ್ಟು ಬೇರೆ ಊರಿಗೆ ಹೋಗಿದ್ದರೆ ಮೊಬೈಲ್ ಟವರ್ ಹೇಳುತ್ತದೆ. ತನಿಖೆ ಮಾಡುವುದೇ ವೃತ್ತಿಯಾದ ಇಲಾಖೆಗೆ ಇದು ಕಷ್ಟದ ಕೆಲಸವಾಗಲಾರದು.

ಎರಡನೆಯದು ಹೆಚ್ಚು ಗಂಭೀರ: ಪೊಲೀಸ್ ಎಂದರೆ ಓಡಬೇಕು, ಹಿಡಿಯಬೇಕು, ಸಿಬ್ಬಂದಿ ಮೊದಲೇ ಸಾಲದ ಠಾಣೆಗಳಲ್ಲಿ ನಡೆಯಲಾರದವರನ್ನು ಇಟ್ಟುಕೊಂಡರೆ ಉಳಿದವರ ಮೇಲೆ ಹೊರೆ. ಕೇಂದ್ರವೂ 2021ರ ಆಗಸ್ಟ್‌ನಲ್ಲಿ ಐಪಿಎಸ್, ಕೇಂದ್ರಾಡಳಿತ ಪ್ರದೇಶಗಳ ಪೊಲೀಸ್ ಸೇವೆ, ರೈಲ್ವೆ ರಕ್ಷಣಾ ಪಡೆ ಸೇವೆ ಮತ್ತು ಕೇಂದ್ರ ಸಶಸ್ತ್ರ ಪಡೆಗಳ ಯುದ್ಧಸಜ್ಜಿತ ಸಿಬ್ಬಂದಿಯನ್ನು 20ನೇ ಕಲಮಿನಿಂದ ಹೊರಗಿಟ್ಟಿತು. ಆ ಪಟ್ಟಿಯಲ್ಲಿ ಜಿಲ್ಲೆಯ ಠಾಣೆಯ ಕಾನ್‌ಸ್ಟೆಬಲ್ ಇಲ್ಲ ಎಂಬುದನ್ನು ಗಮನಿಸಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮಾನಸಿಕ ಅಸ್ವಸ್ಥತೆಗೆ ಒಳಗಾದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಲಾಖಾ ಶಿಸ್ತುಕ್ರಮವನ್ನೇ ತಾರತಮ್ಯವೆಂದು ಹೇಳಿ ಅವರಿಗೆ ರಕ್ಷಣೆ ಕೊಟ್ಟಿತು. ಇನ್ನು ಹೊರೆಯ ಮಾತು. ಇವತ್ತಿನ ಠಾಣೆ ಹೊರಗೆ ಎಷ್ಟೋ ಒಳಗೂ ಅಷ್ಟೇ ಕೆಲಸದ ಮನೆ. ರೈಟರ್ ಮೇಜು, ಅಪರಾಧ ದಾಖಲೆಗಳ ಕಂಪ್ಯೂಟರ್ ಜಾಲವಾದ ಸಿಸಿಟಿಎನ್‌ಎಸ್‌ನಲ್ಲಿ ನಮೂದು, ಕೋರ್ಟ್ ಕೆಲಸ, 112 ನಿಯಂತ್ರಣ ಕೊಠಡಿ, ಸೈಬರ್ ವಂಚನೆಯ ದೂರು, ಸಿಸಿಟಿವಿ ವೀಕ್ಷಣೆ, ಪಾಸ್‌ಪೋರ್ಟ್ ಪರಿಶೀಲನೆಯ ಕಾಗದಪತ್ರ. ಇವನ್ನೆಲ್ಲ ಈಗ ಮಾಡುತ್ತಿರುವವರಲ್ಲಿ ಓಡಬಲ್ಲ ಗಟ್ಟಿ ಕಾಲಿನವರೂ ಇದ್ದಾರೆ. ಹದಿನೈದು ವರ್ಷ ಬೀಟ್ ತಿರುಗಿದ ಕಾನ್‌ಸ್ಟೆಬಲ್ ಕಂಪ್ಯೂಟರ್ ಮುಂದೆ ಕುಳಿತರೆ ಓಡಬಲ್ಲವರೊಬ್ಬರು ಹೊರಗೆ ಸಿಗುತ್ತಾರೆ. ಸಂಖ್ಯಾಧಿಕ ಹುದ್ದೆ ಎಂದರೆ ಮಂಜೂರಾದ ಹುದ್ದೆಯನ್ನು ಆಕ್ರಮಿಸದ ಹುದ್ದೆ. ಹೊಸ ನೇಮಕಾತಿಗೆ ಅದು ಅಡ್ಡಿಯಾಗದು.

ಖರ್ಚಿನ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಖರ್ಚು ಈಗಲೂ ಆಗುತ್ತಿದೆ. ಅದನ್ನು ಹೆಂಡತಿಯ ಒಡವೆ, ಮಕ್ಕಳ ಓದು, ಅಣ್ಣತಮ್ಮಂದಿರ ಸಾಲ ಭರಿಸುತ್ತಿವೆ. ಪಿಂಚಣಿಯ ಒಂದು ಎಳೆ ಮಾತ್ರ ತೀರಾ ಮುಖ್ಯ. 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ನೌಕರರು ಹೊಸ ಪಿಂಚಣಿ ಯೋಜನೆಯಡಿ ಬರುತ್ತಾರೆ. ಇವತ್ತು ಗಸ್ತು ತಿರುಗುವ ಯುವ ಕಾನ್‌ಸ್ಟೆಬಲ್‌ಗಳೆಲ್ಲ ಅದರವರೇ. ಹತ್ತು ವರ್ಷದ ನೌಕರಿಯಲ್ಲಿ ಕೂಡಿದ ನಿಧಿ ಎಷ್ಟು ದಿನ ಬಂದೀತು? ಕೇಂದ್ರ ಸರ್ಕಾರ 2021ರ ನಿಯಮಗಳಲ್ಲಿ ತನ್ನ ನೌಕರರಿಗೆ, ಸಾವು ಅಥವಾ ಅಂಗವೈಕಲ್ಯ ಒದಗಿದರೆ ಹಳೆಯ ನಿಯಮದ ಪಿಂಚಣಿಯೋ ಹೊಸ ಯೋಜನೆಯ ನಿಧಿಯೋ ಎಂದು ಮೊದಲೇ ಆರಿಸಿಕೊಳ್ಳುವ ಅವಕಾಶ ಬರೆದಿಟ್ಟಿದೆ. ಗಾಯಗೊಂಡ ಪೊಲೀಸರಿಗೆ ತಮ್ಮ ಪಾಲಿಗೆ ಏನು ಬರುತ್ತದೆಂದು ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಗಾಯವಾಗುವ ಮೊದಲೇ ತಿಳಿಸುವುದು ರಾಜ್ಯದ ಕರ್ತವ್ಯ.

ಆಗಬೇಕಾದ್ದು ದೊಡ್ಡ ಕ್ರಾಂತಿಯಲ್ಲ. ಸಿಬ್ಬಂದಿ ಗಾಯಗೊಂಡ ದಿನವೇ ಠಾಣಾಧಿಕಾರಿ ಒಂದು ‘ಕರ್ತವ್ಯ ಗಾಯ ವರದಿ’ ಬರೆದು, ದಿನಚರಿಯ ಪ್ರತಿಯೊಂದಿಗೆ ಏಳು ದಿನದಲ್ಲಿ ಎಸ್ಪಿ ಕಚೇರಿಗೆ ಕಳಿಸಬೇಕು. ಡ್ಯೂಟಿ ಪಟ್ಟಿಯಲ್ಲಿ ಹೆಸರಿದ್ದ ಅವಧಿ, ಡ್ಯೂಟಿಗೆ ಹೋಗಿಬರುವ ದಾರಿ ಎರಡನ್ನೂ ಕರ್ತವ್ಯವೆಂದೇ ಹಿಡಿಯಬೇಕು. ಅಲ್ಲವೆನ್ನುವುದಾದರೆ ಮೂರು ತಿಂಗಳೊಳಗೆ ಇಲಾಖೆಯೇ ಕಾರಣಸಹಿತ ಆದೇಶ ಹೊರಡಿಸಬೇಕು. ನಿವೃತ್ತಿಯ ಅರ್ಜಿ ತೆಗೆದುಕೊಳ್ಳುವ ಮೊದಲು 20(4)ನೇ ಕಲಮಿನ ಹಕ್ಕನ್ನು ಓದಿ ಹೇಳಿ, ಹೇಳಿದ್ದಕ್ಕೆ ಸಹಿ ಪಡೆಯಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ವಿಧಾನಸಭೆಯ ತಿದ್ದುಪಡಿ ಬೇಕಿಲ್ಲ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಒಂದು ಸುತ್ತೋಲೆ ಸಾಕು. ಕಲಬುರಗಿ ಜಿಲ್ಲೆಯಿಂದಲೇ ಅದು ಶುರುವಾಗಲಿ.

ಅಲ್ಲಿಯವರೆಗೆ ಈ ಐದು ಊರುಗಳ ಪೊಲೀಸ್ ಕುಟುಂಬಗಳಿಗೆ ಒಂದು ವಿನಂತಿ. ಮನೆಯವರಿಗೆ ಗಾಯವಾಯಿತೆಂದು ಫೋನ್ ಬಂದ ದಿನ, ಆಸ್ಪತ್ರೆಯ ಓಡಾಟದ ನಡುವೆಯೂ ಮೂರು ಕಾಗದ ಕೇಳಿ ಇಟ್ಟುಕೊಳ್ಳಿ: ಆ ದಿನದ ಠಾಣಾ ದಿನಚರಿಯ ದೃಢೀಕೃತ ಪ್ರತಿ, ಡ್ಯೂಟಿ ಹಂಚಿಕೆಯ ಪ್ರತಿ, ‘ಕರ್ತವ್ಯದಲ್ಲಿದ್ದಾಗ’ ಎಂದು ನಮೂದಾದ ಎಂಎಲ್‌ಸಿ ಅಥವಾ ಗಾಯದ ಪ್ರಮಾಣಪತ್ರ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಸ್ಪೆಷಲ್ ಡಿಸೆಬಿಲಿಟಿ ಲೀವ್ ಕೋರಿ ಮೊದಲ ತಿಂಗಳಲ್ಲೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಯಾರೇ ಒತ್ತಾಯಿಸಿದರೂ ಆಸ್ಪತ್ರೆಯ ಮಂಚದ ಮೇಲೆ ನಿವೃತ್ತಿಯ ಅರ್ಜಿಗೆ ಸಹಿ ಹಾಕಬೇಡಿ. ಅನ್ಯಾಯವಾದರೆ ಬೆಂಗಳೂರಿಗೆ ಹೋಗಬೇಕಿಲ್ಲ. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠವೂ ಹೈಕೋರ್ಟಿನ ಪೀಠವೂ ಕಲಬುರಗಿಯಲ್ಲೇ ಇವೆ.